ಹರಿಕೇನ್ ಬೀಸುವಾಗ ಮನೆಯೊಳಗೆ

ಫ್ಲಾರಿಡಾ, ಟೆಕ್ಸಾಸ್ ಕರಾವಳಿಯಲ್ಲಿ ಸಂಸಾರ ಹೂಡಿರುವ ಕನ್ನಡ ಬಂಧುಗಳೇ, ಜೂನ್ 1ರಿಂದ ನವೆಂಬರ್ 30ರವರೆಗೆ ನಿಮಗೆ ಹರಿಕೇನ್ ಕಾಲ. ಊರು ಬಿಡಿ ಎಂದು ಆದೇಶ ಬಂದರೆ ಮರುಮಾತಿಲ್ಲದೆ ಹೊರಡಿ. ಗಾಳಿಗಿಂತ ಉಕ್ಕಿಬರುವ ಕಡಲ ನೀರೇ ಹೆಚ್ಚು ಅಪಾಯ.

ಮನೆಯಲ್ಲೇ ಉಳಿಯುವುದಾದರೆ ತಲೆಗೆ ದಿನಕ್ಕೆ 4 ಲೀಟರಿನಂತೆ ನೀರು, ಒಲೆ ಬೇಡದ ಅವಲಕ್ಕಿ, ಹುರಿಗಡಲೆ, ಹಿರಿಯರ ಮಾತ್ರೆ, ಟಾರ್ಚು, ಬ್ಯಾಟರಿ ರೇಡಿಯೊ ಜೋಡಿಸಿಡಿ. ಗಾಳಿ ಜೋರಾದಾಗ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಎಲ್ಲರೂ ಒಟ್ಟಿಗಿರಿ. ಏನಾಗುತ್ತಿದೆಯೆಂದು ಮಕ್ಕಳಿಗೆ ಸಮಾಧಾನದಿಂದ ಹೇಳಿ. ನಡುವೆ ಗಾಳಿ ತಟ್ಟನೆ ನಿಂತರೆ ಅದು ಚಂಡಮಾರುತದ ಕಣ್ಣು. ಹೊರಗೆ ಹೋಗಬೇಡಿ, ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ. ಕರೆಂಟು ಹೋದರೆ ಜನರೇಟರನ್ನು ಮನೆಯೊಳಗಾಗಲಿ, ಗ್ಯಾರೇಜಿನಲ್ಲಾಗಲಿ ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಈ ತಯಾರಿಗೆ ಬಿರುಗಾಳಿಯ ಸುದ್ದಿಗಾಗಿ ಕಾಯಬೇಡಿ, ಮೊದಲೇ ಮುಗಿಸಿಕೊಳ್ಳಿ.