ತಕ್ಕಡಿ ಹಿಡಿದ ಕೈ

ಪುಟ್ಟಿ,

ಕಾಲೇಜಿನ ಫಾರ್ಮಿನಲ್ಲಿ ‘ನಿಮ್ಮ ಮೇಲೆ ಹೆಚ್ಚು ಪ್ರಭಾವ ಬೀರಿದ ವ್ಯಕ್ತಿ ಯಾರು’ ಅಂತ ಒಂದು ಸಾಲು ಇತ್ತಲ್ಲ, ಅಲ್ಲಿ ನೀನು ಐದು ನಿಮಿಷ ಪೆನ್ನು ಕಚ್ಚಿ ಕೂತು, ಆಮೇಲೆ ‘ಎ.ಪಿ.ಜೆ. ಅಬ್ದುಲ್ ಕಲಾಂ’ ಎಂದು ಬರೆದೆ. ನಾನು ಪಕ್ಕದಲ್ಲೇ ಅಡಿಕೆ ಕತ್ತರಿಸುತ್ತಿದ್ದೆ, ಏನೂ ಅನ್ನಲಿಲ್ಲ. ಫಾರ್ಮಿಗೆ ಆ ಉತ್ತರ ಸರಿಯೇ. ನಾಡಿದ್ದು ಬೆಂಗಳೂರಿನ ಹಾಸ್ಟೆಲ್ಲಿಗೆ ಹೊರಟಿದ್ದೀಯ. ಹೊರಡುವ ಗಡಿಬಿಡಿಯಲ್ಲಿ ಹೇಳಿದ್ದು ಯಾರ ತಲೆಗೂ ಹತ್ತುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಬಸ್ಸಿನಲ್ಲಿ ಓದಿಕೋ.

ಕಲಾಂ ಆತ್ಮಕಥೆ ನಮ್ಮ ಮನೆಯಲ್ಲೇ ಇದೆ. ರಾಕೆಟ್ಟಿನ ಭಾಗ ನೀನು ಓದಿದ್ದೀಯ, ಗೊತ್ತು. ಶುರುವಿನ ರಾಮೇಶ್ವರದ ಪುಟಗಳನ್ನು ಇನ್ನೊಂದು ಸಲ ನೋಡು. ಶಿವಸುಬ್ರಹ್ಮಣ್ಯ ಅಯ್ಯರ್ ಅಂತ ಒಬ್ಬ ವಿಜ್ಞಾನದ ಮೇಷ್ಟ್ರು ಹುಡುಗ ಕಲಾಂನನ್ನು ಮನೆಗೆ ಊಟಕ್ಕೆ ಕರೆದರು. ಮಡಿವಂತರ ಮನೆ. ಮುಸ್ಲಿಂ ಹುಡುಗನಿಗೆ ತಮ್ಮ ಅಡುಗೆಮನೆಯಲ್ಲಿ ಬಡಿಸಲು ಹೆಂಡತಿ ಒಪ್ಪಲಿಲ್ಲ. ಮೇಷ್ಟ್ರು ಜಗಳ ಆಡಲಿಲ್ಲ, ಉಪದೇಶ ಮಾಡಲಿಲ್ಲ. ತಾವೇ ಬಡಿಸಿ, ಹುಡುಗನ ಪಕ್ಕದಲ್ಲೇ ಕೂತು ಉಂಡರು. ಆಕೆ ಅಡುಗೆಮನೆ ಬಾಗಿಲ ಮರೆಯಿಂದ ನೋಡುತ್ತಿದ್ದರು. ಮುಂದಿನ ವಾರ ಮತ್ತೆ ಕರೆ ಬಂತು. ಹುಡುಗ ಹಿಂದೆಮುಂದೆ ನೋಡುತ್ತಲೇ ಹೋದ. ಆ ಸಲ ಆಕೆಯೇ ಅವನನ್ನು ಒಳಗೆ ಕರೆದು ತಮ್ಮ ಕೈಯಾರೆ ಬಡಿಸಿದರು.

ಎಲ್ಲರೂ ಇದನ್ನು ಮೇಷ್ಟ್ರ ಕಥೆಯೆಂದು ಹೇಳುತ್ತಾರೆ. ನನ್ನನ್ನು ಕಾಡುವುದು ಮಾತ್ರ ಬಾಗಿಲ ಮರೆಯಲ್ಲಿ ನಿಂತಿದ್ದ ಆ ಹೆಂಗಸು. ಒಂದು ವಾರದಲ್ಲಿ ಆಕೆಯೊಳಗೆ ಏನು ನಡೆಯಿತು ಅಂತ ಕಲಾಂ ಬರೆದಿಲ್ಲ. ಆಕೆಗೂ ಗೊತ್ತಿತ್ತೋ ಇಲ್ಲವೋ.

ಈಗ ನಿನ್ನ ಮುತ್ತಾತನ ಅಂಗಡಿಗೆ ಬಾ. ನೀನು ಅದನ್ನು ನೋಡಿಲ್ಲ, ಕೇಳಿದ್ದೀಯ. ರಸ್ತೆಗೆ ಎತ್ತರದ ಜಗಲಿ, ಒಳಗೆ ಬೇಳೆ, ಬೆಲ್ಲದ ಮೂಟೆಗಳು, ಸೀಮೆಎಣ್ಣೆ ವಾಸನೆ. ನಮ್ಮಪ್ಪ ತೂಗುವ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ಗಿರಾಕಿಯ ಕಣ್ಣಿನ ಮಟ್ಟಕ್ಕೆ ಹಿಡಿದು, ಮುಳ್ಳು ನಿಲ್ಲುವವರೆಗೆ ಕಾಯುತ್ತಿದ್ದರು. ಸಕ್ಕರೆ ಸುರಿಯುವ ತಟ್ಟೆಯಲ್ಲಿ ಪೊಟ್ಟಣದ ಕಾಗದ ಇದ್ದರೆ, ಅಷ್ಟೇ ದೊಡ್ಡ ಇನ್ನೊಂದು ಕಾಗದ ಹರಿದು ಬಟ್ಟಿನ ಕಡೆಯ ತಟ್ಟೆಗೆ ಹಾಕುತ್ತಿದ್ದರು. ಕಾಗದದ ತೂಕಕ್ಕೆ ಗಿರಾಕಿ ಯಾಕೆ ದುಡ್ಡು ಕೊಡಬೇಕು? ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಸುಮ್ಮನೆ ಕಾಗದ ಹರಿಯುತ್ತಿದ್ದರು. ಮುಂದೆ ನಾನು ಒಂದು ಸೊಸೈಟಿಯಲ್ಲಿ ಕ್ಯಾಷಿಯರ್ ಆಗಿ ಮೂವತ್ತು ವರ್ಷ ಕೂತೆ. ಎಂಟಾಣೆ ಹೆಚ್ಚು ಬಂದರೂ ಲೆಕ್ಕ ಕೂಡಿಸದೆ ಮನೆಗೆ ಬರುತ್ತಿರಲಿಲ್ಲ ಅಂತ ನಿಮ್ಮಜ್ಜಿ ಬೈಯುತ್ತಿದ್ದಳಲ್ಲ, ಆ ಚಾಳಿ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ.

ನಿಮ್ಮಮ್ಮನಿಗೆ ಆಗ ಆರು ವರ್ಷ. ಹಿತ್ತಲಲ್ಲಿ ಪಕ್ಕದ ಮನೆ ಮಕ್ಕಳನ್ನು ಸೇರಿಸಿಕೊಂಡು ಅಂಗಡಿ ಆಟ ಆಡುತ್ತಿದ್ದಳು. ಹುಣಸೆಬೀಜವೇ ದುಡ್ಡು, ತೆಂಗಿನ ಚಿಪ್ಪುಗಳೇ ತಕ್ಕಡಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇವಳು ಯಜಮಾನಿಯಾಗಿ ಕೂತಿದ್ದಾಳೆ. ಒಬ್ಬ ಹುಡುಗನಿಗೆ ಚಿಲ್ಲರೆಯನ್ನು ಕೈಗೆ ಕೊಟ್ಟಳು. ಇನ್ನೊಬ್ಬ ಹುಡುಗಿ ಕೈ ಚಾಚಿದಾಗ ಗೇಣುದ್ದ ಮೇಲಿನಿಂದ ಬೀಜಗಳನ್ನು ಉದುರಿಸಿದಳು. ಎರಡು ಬೀಜ ಜಾರಿ ಮಣ್ಣಿಗೆ ಬಿದ್ದವು.

‘ಯಾಕಮ್ಮ ಹಾಗೆ ಹಾಕ್ತೀಯ?’ ಅಂದೆ.

‘ಅವಳು ಜಗಲಿ ಕೆಳಗೆ ನಿಂತಿರೋ ಗಿರಾಕಿ ಅಪ್ಪ. ಕೆಳಗೆ ನಿಂತೋರಿಗೆ ಹೀಗೆ ಹಾಕ್ಬೇಕು. ಮೇಲೆ ಹತ್ತಿ ಬಂದೋರಿಗೆ ಕೈಗೆ ಕೊಡ್ಬೇಕು. ತಾತ ಹಾಗೇ ತಾನೆ ಕೊಡೋದು?’

ಯಾರು ಜಗಲಿ ಹತ್ತುತ್ತಿದ್ದರು, ಯಾವ ಕೇರಿಯವರು ಕೆಳಗೇ ನಿಲ್ಲುತ್ತಿದ್ದರು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆರು ವರ್ಷದ ಮಗುವಿಗೂ ಯಾರೂ ಬಿಡಿಸಿ ಹೇಳಿರಲಿಲ್ಲ. ಸಂಜೆ ಹೊತ್ತು ಅಂಗಡಿಯಲ್ಲಿ ಬೆಲ್ಲದ ಚೂರು ಚೀಪುತ್ತಾ ಕೂತು ನೋಡಿತ್ತು, ಅಷ್ಟೆ. ಕಾಗದ ಹರಿದು ಹಾಕುತ್ತಿದ್ದ ಕೈ, ಕಾಸು ಉದುರಿಸುತ್ತಿದ್ದ ಕೈ ಎರಡೂ ಒಂದೇ. ಕೆಳಗೆ ನಿಂತವರಿಗೂ ಅಪ್ಪ ತೂಕದಲ್ಲಿ ಒಂದು ಗುಲಗಂಜಿ ಮೋಸ ಮಾಡಿದವರಲ್ಲ. ಅದೇ ನನಗೆ ಇವತ್ತಿಗೂ ಬಿಡಿಸಲಾಗದ ಗಂಟು.

ಮಾರನೇ ದಿನ ಕೌಂಟರಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಾ ಹೋದೆ. ನಾನು ಉದುರಿಸುತ್ತಿರಲಿಲ್ಲ, ಓದಿದವನಲ್ಲವೇ! ಕೆಲವರಿಗೆ ಹಣವನ್ನು ಕೈಗೆ ಕೊಡುತ್ತಿದ್ದೆ, ಕೆಲವರಿಗೆ ಹಲಗೆಯ ಮೇಲಿಟ್ಟು ಬೆರಳಿನಿಂದ ಮುಂದಕ್ಕೆ ತಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಯಾರಿಗೆ ಯಾವುದು ಅಂತ ಲೆಕ್ಕ ಸಿಕ್ಕಿತು. ಊಟದ ಡಬ್ಬಿ ತೆಗೆಯಲು ಮನಸ್ಸಾಗಲಿಲ್ಲ.

ಯಾರೋ ಆಡಿದ ಒಂದೇ ಮಾತು ಹೀಗೆ ಕಣ್ಣು ತೆರೆಸುವುದುಂಟು. ಕವಿ ಪುಟ್ಟಪ್ಪನವರು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಅವನ್ನು ತೋರಿಸಲು ಹೋದರು. ಆತ ಹೊಗಳುವ ಬದಲು ನಿಮ್ಮ ಭಾಷೆಯಲ್ಲಿ ಯಾಕೆ ಬರೆಯುವುದಿಲ್ಲ ಎಂದು ಕೇಳಿಬಿಟ್ಟರು. ಆ ಒಂದು ಭೇಟಿಯಿಂದ ನಮಗೆ ಕುವೆಂಪು ಸಿಕ್ಕರು. ಅವರಿಗೆ ಕಸಿನ್ಸ್ ಸಿಕ್ಕ ಹಾಗೆ ನನಗೆ ನಿಮ್ಮಮ್ಮ ಸಿಕ್ಕಳು ಅಂದರೆ ದೊಡ್ಡ ಮಾತಾಯಿತು, ಆದರೂ ಅನ್ನುತ್ತೇನೆ.

ಅಪ್ಪನಿಗೆ ನಾನು ಏನೂ ಹೇಳಲಿಲ್ಲ. ಧೈರ್ಯ ಸಾಲಲಿಲ್ಲ. ಎರಡು ವರ್ಷದ ಮೇಲೆ ಅವರು ಹಾಸಿಗೆ ಹಿಡಿದಾಗ ಭಾನುವಾರ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ಒಬ್ಬ ಮುದುಕ ಕಡ್ಡಿಪೆಟ್ಟಿಗೆ, ಹೊಗೆಸೊಪ್ಪು ತೆಗೆದುಕೊಂಡ. ನಾನು ಜಗಲಿಯಿಂದ ಬಗ್ಗಿ ಚಿಲ್ಲರೆಯನ್ನು ಅವನ ಕೈಗೇ ಇಡಲು ಹೋದೆ. ನನ್ನ ಬೆರಳು ತಗುಲುವಷ್ಟರಲ್ಲಿ ಬಿಸಿ ಮುಟ್ಟಿದವನ ಹಾಗೆ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಕಾಸು ಚೆಲ್ಲಾಪಿಲ್ಲಿಯಾಯಿತು. ಇಳಿದು ಇಬ್ಬರೂ ಆರಿಸಿದೆವು. ಒಳಗಿನ ಮಂಚದಿಂದ ಅಪ್ಪ ನೋಡುತ್ತಿದ್ದರು. ಆಮೇಲೆ ಗೋಡೆ ಕಡೆ ಮಗ್ಗುಲಾದರು.

ಫೋನಿನಲ್ಲಿ ನೀನು ನೋಡುವ ರೀಲ್ಸಿನವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅವರು ತೋರಿಸಬೇಕೆಂದದ್ದನ್ನು ತೋರಿಸುತ್ತಾರೆ, ಅದು ನಿನಗೂ ಗೊತ್ತು. ನಿನಗೆ ಅಂಟುವುದು ರೂಮಿನಲ್ಲಿ ಜೊತೆಗಿರುವವಳ ಮಾತಿನ ವರಸೆ, ಮೆಸ್ಸಿನಲ್ಲಿ ತಟ್ಟೆ ಎತ್ತುವ ಹುಡುಗನನ್ನು ಸೀನಿಯರುಗಳು ಕೂಗಿ ಕರೆಯುವ ರೀತಿ. ಈಗ ಚಿಲ್ಲರೆ ಉದುರಿಸುವವರಿಲ್ಲ, ಎಲ್ಲ ಕ್ಯೂಆರ್ ಕೋಡು. ಆದರೆ ಮೊದಲ ವಾರದಲ್ಲೇ ಯಾರಾದರೂ ನಗುನಗುತ್ತಾ ‘ನೀವು ಯಾವ ಪೈಕಿ?’ ಅಂತ ಕೇಳುತ್ತಾರೆ. ಉತ್ತರ ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಮಾತ್ರ ಆ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಬೇಡ. ಬಾಯಿಗೆ ಬಂದುಬಿಟ್ಟರೆ, ಇದು ಯಾರಿಂದ ಬಂತು ಅಂತ ಅವತ್ತು ರಾತ್ರಿ ಕೂತು ನೆನಪು ಮಾಡಿಕೋ. ನನ್ನಿಂದಲೇ ಬಂದಿದ್ದರೂ ಇರಬಹುದು.

ಹಾಗಂತ ನಿನ್ನ ಮುತ್ತಾತನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಅವರ ತಕ್ಕಡಿ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದೆ. ದಸರಾ ರಜೆಗೆ ಬಂದಾಗ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜೋಣ. ಮುಳ್ಳು ಇನ್ನೂ ಸರಿಯಾಗಿ ನಿಲ್ಲುತ್ತದೆ, ಹೋದ ವರ್ಷ ನೋಡಿದ್ದೆ. ಆಗ ನನ್ನನ್ನೂ ಸ್ವಲ್ಪ ಗಮನಿಸು. ಹಾಲು ಹಾಕುವವನ ಜೊತೆ, ಚರಂಡಿ ತೆಗೆಯಲು ಬರುವವರ ಜೊತೆ ನಾನು ಹೇಗಿರುತ್ತೇನೆ ನೋಡಿ, ಕಂಡದ್ದನ್ನು ಹೇಳು. ನಿಮ್ಮಮ್ಮ ಈಗ ದೊಡ್ಡವಳಾಗಿದ್ದಾಳೆ, ಹೇಳುವುದಿಲ್ಲ.

ಇಂತಿ,
ತಾತ