ಬೆನ್ನ ಮೇಲಿನ ಗುಳ್ಳೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮಗಳಿಗೆ ಮನೆಯಲ್ಲೇ ಹೆರಿಗೆ ಆಯಿತು. ಗಂಡು ಮಗು. ಸೊಂಟದ ಹತ್ತಿರ, ಬೆನ್ನಿನ ನಡುವೆ ನಿಂಬೆಹಣ್ಣಿನಷ್ಟು ಗುಳ್ಳೆ. ಒಳಗೆ ನೀರು.

"ಗ್ರಹಣದ ದಿನ ಹೊರಗೆ ಬಂದಿದ್ಲು. ಅದಕ್ಕೇ ಹೀಗಾಯ್ತು" ಎಂದರು ಬೀಗಿತ್ತಿ.

"ಸೂಜೀಲಿ ಚುಚ್ಚಿದ್ರೆ ನೀರು ಹೋಗ್ತದೆ ಬಿಡು" ಎಂದರು ಪಕ್ಕದ ಮನೆ ಅಜ್ಜಿ.

ಬಾಣಂತಿ ಅಳುತ್ತಿದ್ದಳು. ನಾವು ನರ್ಸಮ್ಮನನ್ನು ಕರೆದುಕೊಂಡು ಹೋದೆವು.

"ಚುಚ್ಚಬೇಡಿ ಅಜ್ಜಿ! ನಂಜು ಮಿದುಳಿಗೇ ಏರ್ತದೆ" ಎಂದರು ನರ್ಸಮ್ಮ. ಆಮೇಲೆ ತಿಳಿಸಿ ಹೇಳಿದರು.

ಬೆನ್ನುಮೂಳೆಯ ಒಳಗೆ ನರಗಳ ಹುರಿ ಇದೆ. ಅದರ ಸುತ್ತ ಪೊರೆ ಇದೆ, ನೀರು ಇದೆ. ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲೇ ಈ ಭಾಗ ಮುಚ್ಚಿಕೊಳ್ಳಬೇಕು. ಅಪರೂಪಕ್ಕೆ ಪೂರ್ತಿ ಮುಚ್ಚುವುದಿಲ್ಲ. ಆಗ ಪೊರೆ ಹೊರಗೆ ಉಬ್ಬುತ್ತದೆ. ಕೆಲವು ಮಕ್ಕಳ ಗುಳ್ಳೆಯಲ್ಲಿ ನೀರು ಮಾತ್ರ ಇರುತ್ತದೆ. ಕೆಲವರಲ್ಲಿ ನರಗಳೂ ಇರುತ್ತವೆ. ಆಗ ಕಾಲಿನ ಬಲ ಕಡಿಮೆ ಆಗಬಹುದು. ಇದು ಗ್ರಹಣದಿಂದ ಬಂದದ್ದಲ್ಲ. ತಾಯಿಯ ತಪ್ಪೂ ಅಲ್ಲ.

ನರ್ಸಮ್ಮ ಗುಳ್ಳೆಯ ಮೇಲೆ ಶುಭ್ರವಾದ ಒದ್ದೆ ಬಟ್ಟೆ ಹಗುರವಾಗಿ ಮುಚ್ಚಿದರು. ಮಗುವನ್ನು ಬೋರಲು ಮಲಗಿಸಿದರು. ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆಪರೇಷನ್ ಆಯಿತು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ತಲೆಯಲ್ಲಿ ನೀರು ತುಂಬಬಹುದು. ವಾರಕ್ಕೊಮ್ಮೆ ತಲೆ ಅಳೆಯಿರಿ." ಅಕ್ಕ ಟೇಪು ಹಿಡಿದು ಅಳೆದರು. ಕೇಂದ್ರದ ನೋಟ್‌ಬುಕ್ಕಿನಲ್ಲೇ ಬರೆದರು: 35, 36½, 38.

ಹಾಲುಗೂಸಿನ ತಲೆ ತಿಂಗಳಿಗೆ ಸುಮಾರು 2 ಸೆಂಟಿಮೀಟರು ಬೆಳೆಯುತ್ತದೆ. ಈ ಮಗುವಿಗೆ ಎರಡೇ ವಾರದಲ್ಲಿ 3 ಬೆಳೆದಿತ್ತು! ಅಕ್ಕ ನೋಟ್‌ಬುಕ್ಕು ಹಿಡಿದು ಆಸ್ಪತ್ರೆಗೆ ಓಡಿದರು. ಡಾಕ್ಟರು ಕೊಳವೆ ಇಟ್ಟು, ತಲೆಯ ನೀರು ಹೊಟ್ಟೆಗೆ ಇಳಿಯುವಂತೆ ಮಾಡಿದರು. ಮಗು ಉಳಿಯಿತು. ಈಗ ಎರಡು ವರ್ಷ. ಗೋಡೆ ಹಿಡಿದು ನಡೆಯುತ್ತದೆ.

ಇದನ್ನು ಬಹಳ ಮಟ್ಟಿಗೆ ತಡೆಯಬಹುದು. ಫೋಲಿಕ್ ಆಸಿಡ್ ಮಾತ್ರೆ ಇದಕ್ಕೆ ನೆರವಾಗುತ್ತದೆ ಎಂದು 1991ರಲ್ಲಿ ಏಳು ದೇಶಗಳ ಅಧ್ಯಯನ ತೋರಿಸಿತು. ಮುಟ್ಟು ನಿಂತ ಮೇಲೆ ಶುರು ಮಾಡಿದರೆ ತಡವಾಗುತ್ತದೆ. ಮಗು ಬೇಕು ಅಂದುಕೊಂಡಾಗಲೇ ದಿನಕ್ಕೊಂದು ಮಾತ್ರೆ ನುಂಗಬೇಕು. ಮೊದಲು ಇಂಥ ಮಗು ಆಗಿದ್ದರೆ ಹೆಚ್ಚು ಪ್ರಮಾಣ ಬೇಕು. ಅದನ್ನು ಡಾಕ್ಟರೇ ಹೇಳಬೇಕು. ಅಕ್ಕನ ಮಗಳು ಈಗ ಹಾಗೇ ಮಾಡುತ್ತಿದ್ದಾಳೆ.

ಓದಿ, ಬರೆಯಿರಿ: ಬೆನ್ನು, ಗುಳ್ಳೆ, ನರ, ಮಿದುಳು, ಮಾತ್ರೆ.

ಮಾತಾಡೋಣ:
1. ಗುಳ್ಳೆಯನ್ನು ಯಾಕೆ ಚುಚ್ಚಬಾರದು?
2. ಅಕ್ಕ ಬರೆದ ಲೆಕ್ಕದಿಂದ ಏನು ಉಪಯೋಗ ಆಯಿತು?
3. ಮಾತ್ರೆ ಯಾವಾಗ ಶುರು ಮಾಡಬೇಕು?