ಬರುವ ಓಲೆ, ಹೋಗದ ಓಲೆ

ಮನೆಯ ಗಣಕಯಂತ್ರದಲ್ಲಿ ಇ-ಮೇಲ್ ವ್ಯವಹಾರ ನಡೆಸುವವರು ಆಗಾಗ ವಿಚಿತ್ರವಾದ ತೊಡಕೊಂದಕ್ಕೆ ಸಿಲುಕುವುದುಂಟು. ಬರಬೇಕಾದ ಪತ್ರಗಳೆಲ್ಲ ಯಥಾಪ್ರಕಾರ ಬರುತ್ತಿರುತ್ತವೆ. ತಾವು ಬರೆದ ಪತ್ರ ಮಾತ್ರ ಹೊರಡದೆ ಔಟ್‌ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿಯೇ ಕುಳಿತಿರುತ್ತದೆ. ನಿವೃತ್ತ ಉಪಾಧ್ಯಾಯರೊಬ್ಬರು ಹಳೆಯ ವಿದ್ಯಾರ್ಥಿಗೆ ಬರೆದುಕೊಟ್ಟ ಶಿಫಾರಸು ಪತ್ರವಾಗಲಿ, ದಾಸೋಹಕ್ಕೆ ಕಾಣಿಕೆಯಿತ್ತ ದಾನಿಗಳಿಗೆ ಸಲ್ಲಬೇಕಾದ ರಸೀದಿಯಾಗಲಿ ಹೀಗೆ ನಿಂತುಹೋದರೆ ಆಗುವ ಹಾನಿ ಸಣ್ಣದಲ್ಲ. ಕಳುಹಿಸಿದವರು ಕಳುಹಿಸಿಯಾಯಿತೆಂದೂ, ಪಡೆಯಬೇಕಾದವರು ಕಳುಹಿಸಲೇ ಇಲ್ಲವೆಂದೂ ಭಾವಿಸಿ ಸುಮ್ಮನಾದರೆ ಕಾಲೇಜಿನ ಪ್ರವೇಶದ ಗಡುವೇ ಕಳೆದುಹೋಗಬಹುದು.

ಪತ್ರ ಬರುತ್ತದೆಯಾದರೆ ಹೋಗುವುದಕ್ಕೇನು ಅಡ್ಡಿ ಎಂಬ ಪ್ರಶ್ನೆ ಸಹಜವಾದದ್ದೇ. ಅಂಚೆಯವನು ಮನೆಬಾಗಿಲಿಗೆ ತಂದುಕೊಡುವ ಕಾಗದವೂ ನಾವು ಬೀದಿಯ ಕೆಂಪು ಡಬ್ಬಿಗೆ ಹಾಕುವ ಕಾಗದವೂ ಒಂದೇ ಹಾದಿಯಲ್ಲಿ ನಡೆಯುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ. ಪತ್ರಗಳನ್ನು ಬರಮಾಡಿಕೊಳ್ಳುವುದು ಐಮ್ಯಾಪ್ ಅಥವಾ ಪಾಪ್ ಎಂಬ ನಿಯಮದಂತೆ. ಹೊರಕ್ಕೆ ಕಳುಹಿಸುವುದು ಎಸ್.ಎಂ.ಟಿ.ಪಿ. ಎಂಬ ಬೇರೊಂದು ನಿಯಮದಂತೆ. ಎರಡಕ್ಕೂ ಸರ್ವರ್ ಬೇರೆ, ಬಾಗಿಲು ಬೇರೆ, ಎಷ್ಟೋ ವೇಳೆ ಗುಪ್ತಪದವನ್ನು ನೆನಪಿಡುವ ಜಾಗವೂ ಬೇರೆ. ಆದುದರಿಂದ ಒಂದು ಸರಿಯಾಗಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಾಗಿದೆಯೆಂದು ತಿಳಿಯಲಾಗದು.

ದೋಷವನ್ನು ಹುಡುಕುವ ಮೊದಲ ಹೆಜ್ಜೆ ಸುಲಭವಾದದ್ದು. ಥಂಡರ್‌ಬರ್ಡ್, ಔಟ್‌ಲುಕ್ ಮೊದಲಾದ ತಂತ್ರಾಂಶವನ್ನು ಬದಿಗಿಟ್ಟು, ಬ್ರೌಸರ್ ಮೂಲಕ ನೇರವಾಗಿ ಖಾತೆಗೆ ಪ್ರವೇಶಿಸಿ, ಲಗತ್ತು ಯಾವುದೂ ಇಲ್ಲದ ಒಂದು ಸಾಲಿನ ಪತ್ರವನ್ನು ತಮಗೆ ತಾವೇ ಕಳುಹಿಸಿಕೊಳ್ಳಬೇಕು. ಅದು ತಲುಪಿತೆಂದರೆ ಖಾತೆಯೂ ಅಂತರಜಾಲ ಸಂಪರ್ಕವೂ ನಿರ್ದೋಷ; ತಪ್ಪಿರುವುದು ತಂತ್ರಾಂಶದ ಹೊಂದಾಣಿಕೆಯಲ್ಲಿ. ಅಲ್ಲಿಯೂ ಹೋಗದಿದ್ದರೆ ಖಾತೆಯ ಸಂಗ್ರಹಸ್ಥಳ ತುಂಬಿದೆಯೇ ಎಂದು ನೋಡತಕ್ಕದ್ದು. ಜಿಮೇಲ್‌ನ ಉಚಿತ ಖಾತೆಯ 15 ಜಿ.ಬಿ. ಸ್ಥಳವನ್ನು ಪತ್ರಗಳಷ್ಟೇ ಅಲ್ಲದೆ ಛಾಯಾಚಿತ್ರಗಳೂ ಹಂಚಿಕೊಳ್ಳುತ್ತವೆ. ಮೊಮ್ಮಕ್ಕಳ ಚಿತ್ರಗಳು ತುಂಬಿ ಅಜ್ಜನ ಪತ್ರ ನಿಲ್ಲುವುದು ಹೀಗೆ.

ತಂತ್ರಾಂಶದ ಹೊಂದಾಣಿಕೆಯಲ್ಲಿ ಮುಖ್ಯವಾದದ್ದು ಪೋರ್ಟ್ ಎಂದು ಕರೆಯುವ ಬಾಗಿಲಿನ ಸಂಖ್ಯೆ. ಇದರ ಹಿಂದೆ ಸ್ವಲ್ಪ ಚರಿತ್ರೆಯಿದೆ. 1982ರಲ್ಲಿ ಅಮೆರಿಕದ ಜಾನ್ ಪೋಸ್ಟಲ್ ಅವರು ಎಸ್.ಎಂ.ಟಿ.ಪಿ. ನಿಯಮವನ್ನು ಬರೆದು ಪ್ರಕಟಿಸಿದಾಗ ಕಳುಹಿಸುವವನು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಆಗ ಜಾಲದಲ್ಲಿದ್ದವರು ಕೆಲವರೇ, ಬಹುಮಟ್ಟಿಗೆ ಪರಸ್ಪರ ಬಲ್ಲವರು. ಮುಂದೆ ಈ ನಂಬಿಕೆಯನ್ನು ದುರುಪಯೋಗಪಡಿಸಿಕೊಂಡು ಬೇಡದ ಪತ್ರಗಳನ್ನು ರಾಶಿರಾಶಿಯಾಗಿ ಸುರಿಯುವವರು ಹುಟ್ಟಿಕೊಂಡರು. 1998ರಲ್ಲಿ ಬಳಕೆದಾರರು ಪತ್ರ ಒಪ್ಪಿಸುವುದಕ್ಕೆಂದೇ 587 ಸಂಖ್ಯೆಯ ಬಾಗಿಲನ್ನು ಗೊತ್ತುಪಡಿಸಲಾಯಿತು. 1999ರಲ್ಲಿ ಹೆಸರು, ಗುಪ್ತಪದಗಳಿಂದ ಗುರುತು ಸಾಧಿಸುವ ಕ್ರಮವನ್ನು ನಿಯಮಕ್ಕೆ ಸೇರಿಸಲಾಯಿತು. ಹಳೆಯ 25ನೆಯ ಬಾಗಿಲು ಸರ್ವರ್‌ಗಳು ತಮ್ಮತಮ್ಮಲ್ಲಿ ಪತ್ರ ಸಾಗಿಸುವುದಕ್ಕೆ ಉಳಿದಿದೆ. ಅನೇಕ ಅಂತರಜಾಲ ಸೇವಾದಾರರು ಗೃಹಬಳಕೆಯ ಸಂಪರ್ಕಗಳಿಗೆ ಅದನ್ನು ಮುಚ್ಚಿಬಿಟ್ಟಿದ್ದಾರೆ. ಆದಕಾರಣ ವರ್ಷಗಟ್ಟಲೆ 25ರಲ್ಲಿ ನಡೆದು ಬಂದ ಯಂತ್ರವು, ಮನೆಯ ಸಂಪರ್ಕವನ್ನು ಬೇರೆ ಕಂಪನಿಗೆ ಬದಲಾಯಿಸಿದ ದಿನವೇ ಕಳುಹಿಸುವುದನ್ನು ನಿಲ್ಲಿಸಬಹುದು. ಅಲ್ಲಿ 587 ಎಂದು ಬರೆದು ಸ್ಟಾರ್ಟ್‌ಟಿಎಲ್‌ಎಸ್ ಎಂಬ ಸುರಕ್ಷತೆಯನ್ನು ಆರಿಸುವುದು, ಅಥವಾ 465 ಎಂದು ಬರೆದು ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸುವುದು ಪರಿಹಾರ.

ಗುಪ್ತಪದದ ತೊಡಕೂ ಸಾಮಾನ್ಯ. ಅದನ್ನು ಬದಲಾಯಿಸಿದವರು ಒಳಬರುವ ಸರ್ವರ್‌ಗೆ ಹೊಸದನ್ನು ಕೊಟ್ಟು, ಹೊರಹೋಗುವ ಸರ್ವರ್‌ನಲ್ಲಿ ಹಳೆಯದನ್ನೇ ಉಳಿಸಿರುತ್ತಾರೆ. ಇದಲ್ಲದೆ ಗೂಗಲ್ ಸಂಸ್ಥೆಯು 2022ರ ಮೇ 30ರ ತರುವಾಯ, ಬರಿಯ ಗುಪ್ತಪದದಿಂದ ಪ್ರವೇಶಿಸುವ ಹಳೆಯ ತಂತ್ರಾಂಶಗಳಿಗೆ ವೈಯಕ್ತಿಕ ಖಾತೆಗಳಲ್ಲಿ ಅನುಮತಿ ನಿಲ್ಲಿಸಿತು. ಅಂಥ ತಂತ್ರಾಂಶ ಬಳಸುವವರು ಎರಡು ಹಂತದ ದೃಢೀಕರಣವನ್ನು ಏರ್ಪಡಿಸಿಕೊಂಡು 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕಾಗುತ್ತದೆ. ಸರಿಪಡಿಸಿಕೊಡುತ್ತೇವೆಂದು ದೂರವಾಣಿಯಲ್ಲಿ ಗುಪ್ತಪದವನ್ನೋ ಒ.ಟಿ.ಪಿ.ಯನ್ನೋ ಕೇಳುವವರಿಗೆ ಮಾತ್ರ ಅದನ್ನು ಹೇಳಕೂಡದು. ಯಾವ ದುರಸ್ತಿಗೂ ಅದರ ಅಗತ್ಯವಿಲ್ಲ.

ಇನ್ನು ಹೊರಟು ಮರಳಿದ ಪತ್ರದ ವಿಚಾರ. ಮೇಲರ್-ಡೀಮನ್ ಎಂಬ ಹೆಸರಿನಲ್ಲಿ ಬರುವ ಇಂಗ್ಲಿಷ್ ಒಕ್ಕಣೆಯನ್ನು ಕಂಡೊಡನೆ ಬಹುಮಂದಿ ಬೆದರಿ ಅಳಿಸಿಬಿಡುತ್ತಾರೆ. ರೋಗದ ಹೆಸರನ್ನು ಬರೆದುಕೊಟ್ಟ ಚೀಟಿಯನ್ನೇ ಹರಿದುಹಾಕಿದಂತೆ ಇದು. ಅದರಲ್ಲಿರುವ ಮೂರಂಕಿಯ ಸಂಖ್ಯೆಯನ್ನು ಹುಡುಕಬೇಕು. ಮೊದಲ ಅಂಕಿ 4 ಇದ್ದರೆ ಅಡ್ಡಿ ತಾತ್ಕಾಲಿಕ. ಸರ್ವರ್ ಸಾಮಾನ್ಯವಾಗಿ ತಾನಾಗಿಯೇ ಮತ್ತೆ ಪ್ರಯತ್ನಿಸುತ್ತದೆ. 5 ಇದ್ದರೆ ಏನನ್ನಾದರೂ ತಿದ್ದದ ಹೊರತು ಎಷ್ಟು ಸಲ ಕಳುಹಿಸಿದರೂ ವ್ಯರ್ಥ. 550 ಎಂದರೆ ಬಹುಶಃ ವಿಳಾಸವೇ ಇಲ್ಲ: ಒಂದು ಚುಕ್ಕಿ, ಒಂದು ಅಕ್ಷರ ತಪ್ಪಿರಬಹುದು. ಅದೇ ಸಂಖ್ಯೆ ನಿರಾಕರಣೆಗೂ ಬಳಕೆಯಾಗುವುದರಿಂದ ಪಕ್ಕದ ವಾಕ್ಯವನ್ನೂ ಓದಬೇಕು. 535 ಎಂದರೆ ಹೆಸರು ಅಥವಾ ಗುಪ್ತಪದ ಒಪ್ಪಿಗೆಯಾಗಿಲ್ಲ. 552 ಎಂದರೆ ಗಾತ್ರ ಮೀರಿದೆ. ಲಗತ್ತಿಸಿದ ಕಡತವನ್ನು ಅಕ್ಷರರೂಪಕ್ಕೆ ಪರಿವರ್ತಿಸಿ ಸಾಗಿಸುವಾಗ ಮೂರು ಪಾಲು ನಾಲ್ಕಾಗುತ್ತದೆ, 20 ಎಂ.ಬಿ. ಕಡತವು ಸುಮಾರು 27 ಎಂ.ಬಿ. ಆಗುವುದರಿಂದ, 25ರ ಮಿತಿಯನ್ನು ಉಬ್ಬಿದ ಗಾತ್ರಕ್ಕೆ ಅನ್ವಯಿಸುವ ಸರ್ವರ್ ಅದನ್ನು ಹಿಂದಿರುಗಿಸುತ್ತದೆ. ವಾರ್ಷಿಕೋತ್ಸವದ ಚಿತ್ರಗಳನ್ನು ಒಟ್ಟಿಗೆ ಕಳುಹಿಸುವವರು ಇದನ್ನು ನೆನಪಿಡುವುದೊಳಿತು.

ಹಳೆಯ ಯಂತ್ರಗಳಲ್ಲಿ ಗಡಿಯಾರವನ್ನೂ ನೋಡಬೇಕು. ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತು ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದರೆ, ಸರ್ವರ್‌ನ ಪ್ರಮಾಣಪತ್ರದ ಅವಧಿ ಹೊಂದದೆ ಸಂಪರ್ಕವೇ ಮುರಿಯುತ್ತದೆ. ಆಗ ಬರುವ ಪತ್ರಗಳೂ ನಿಲ್ಲಬಹುದು.

ಹಳೆಯ ವಿದ್ಯಾರ್ಥಿಗಳ ಸಂಘದವರು ಅರಿಯಬೇಕಾದ ಸಂಗತಿಯೊಂದುಂಟು. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500ಕ್ಕಿಂತ ಹೆಚ್ಚು ಮಂದಿಗೆ ಪತ್ರ ಕಳುಹಿಸಲಾಗದು; ಮೀರಿದರೆ ಕೆಲಕಾಲ ಕಳುಹಿಸುವುದೇ ನಿಲ್ಲುತ್ತದೆ. ಆಮಂತ್ರಣವನ್ನು ಎರಡು ಮೂರು ದಿನಗಳಿಗೆ ಹಂಚಿಕೊಳ್ಳುವುದು ಕ್ಷೇಮ. ಮರಳಿ ಬಾರದ ಪತ್ರವೆಲ್ಲ ಓದುಗರ ಕಣ್ಣಿಗೆ ಬಿದ್ದಿದೆಯೆಂದೂ ಅಲ್ಲ. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರದ ಸುದ್ದಿ ಕಳುಹಿಸಿದವರಿಗೆ ತಿಳಿಯುವುದಿಲ್ಲ. ಜಿಮೇಲ್‌ನಲ್ಲಿ ಆ ಪೆಟ್ಟಿಗೆಯ ಪತ್ರಗಳು 30 ದಿನಗಳಲ್ಲಿ ತಾವಾಗಿ ಅಳಿಯುತ್ತವೆ. ಗಡುವುಳ್ಳ ಶಿಫಾರಸು ಪತ್ರವಾದರೆ ಕಳುಹಿಸಿದ ದಿನವೇ ದೂರವಾಣಿ ಮಾಡಿ, ಆ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡುವಂತೆ ಹೇಳತಕ್ಕದ್ದು.